ಕೈಯಲ್ಲಿ ಎರಡೂವರೆ ಸೀಟು: ಕಾಸರಗೋಡಿನ ಮಕ್ಕಳು ಕಾಲೇಜು ಆರಿಸುವುದು ಹೇಗೆ?

ಮಳೆಗಾಲದ ಒಂದು ರಾತ್ರಿ, ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಅಕ್ಕನ ಮಗಳ ಫೋನು ಬಂತು. "ಮಾವ, ಮೂರು ಕಡೆ ಸೀಟುಂಟು. ಎಲ್ಲಿಗೆ ಹೋಗುವುದು?" ದನಿಯಲ್ಲಿ ಖುಷಿಗಿಂತ ಗಾಬರಿ ಜಾಸ್ತಿ. ಹಿಂದಿನಿಂದ ಅಕ್ಕ "ಎನ್‌ಐಟಿ ಅಂತ ಹೇಳು, ಎನ್‌ಐಟಿ ಅಂತ ಹೇಳು" ಅನ್ನುತ್ತಿದ್ದಳು. ನನ್ನ ಬಾಯಲ್ಲಿ ಅದೇ ಬರಬೇಕು ಅಂತ ಅವಳ ಆಸೆ.

ಲೆಕ್ಕ ಹಾಕಿದರೆ ಅದು ಮೂರು ಸೀಟಲ್ಲ, ಎರಡೂವರೆ. ಕೇಂದ್ರ ಸರ್ಕಾರದ ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜೋಸಾದಲ್ಲಿ ಕ್ಯಾಲಿಕಟ್ ಎನ್‌ಐಟಿಯ ಸಿವಿಲ್, ಅದಕ್ಕೆ ಹಣ ಕಟ್ಟಿ ಆಗಿತ್ತು. ಕೇರಳದ ಪ್ರವೇಶ ಪರೀಕ್ಷೆ ಕೀಮ್‌ನಲ್ಲಿ ತಿರುವನಂತಪುರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್. ಮೂರನೆಯದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸ್, ಕರ್ನಾಟಕದ ಸೀಟು ಹಂಚುವ ಕೆಇಎಯ ಅಣಕು ಹಂಚಿಕೆಯಲ್ಲಿ ಕಂಡದ್ದು. ಅಣಕು ಹಂಚಿಕೆ ಅಂದರೆ ನಿಜವಾದ ಹಂಚಿಕೆಗೆ ಮುಂಚಿನ ತಾಲೀಮು, ಸೀಟಲ್ಲ, ಸೀಟಿನ ನೆರಳು ಅಷ್ಟೇ. ತಿರುವನಂತಪುರದ ಆ ಕಾಲೇಜನ್ನು ಎಲ್ಲರೂ ಸಿಇಟಿ ಅಂತಲೇ ಕರೆಯುವುದು, ಕರ್ನಾಟಕದ ಪರೀಕ್ಷೆಯ ಹೆಸರೂ ಸಿಇಟಿ. ಅಕ್ಕನಿಗೆ ಎರಡು ದಿನ ಅದೇ ಗೊಂದಲ.

ಇಂಥ ಫೋನು ನನಗೆ ಪ್ರತಿ ವರ್ಷ ಬರುತ್ತದೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು, ಅವರ ಅಪ್ಪಂದಿರು. ಸೀಟು ಸಿಗುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಎರಡು ಮೂರು ಸಿಕ್ಕಿದ ಮೇಲೆ ಏನು ಮಾಡುವುದು ಅನ್ನುವಾಗ ಎಲ್ಲರೂ "ದೊಡ್ಡ ಹೆಸರಿನದ್ದು ತೆಗೆದುಕೋ" ಅಂದುಬಿಡುತ್ತಾರೆ. ಹಾಗಾಗಿ ಆ ರಾತ್ರಿಯಿಂದ ನಾವು ಏನೇನು ಮಾಡಿದೆವು ಅಂತ ಕ್ರಮವಾಗಿ ಬರೆಯುತ್ತೇನೆ.

ಮೊದಲ ಕೆಲಸ: ಒಂದು ಹಾಳೆ

ಉದ್ದ ನೋಟ್‌ಬುಕ್ಕಿನ ಒಂದು ಹಾಳೆ ಹರಿಯಿರಿ. ಮೊಬೈಲ್‌ನಲ್ಲಿ ಬರೆಯಬೇಡಿ, ಮನೆಯವರಿಗೆಲ್ಲ ಕಾಣಬೇಕು. ನಾವು ಅದನ್ನು ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದೆವು. ಒಂದೊಂದು ಸೀಟಿಗೆ ಒಂದೊಂದು ಸಾಲು. ಹಣ ಕಟ್ಟುವ ಕೊನೆಯ ದಿನ ಯಾವುದು, ಎಷ್ಟು ಗಂಟೆಯ ಒಳಗೆ? ಬಿಟ್ಟರೆ ಹಣ ವಾಪಸು ಸಿಗುವ ಕೊನೆಯ ದಿನ ಯಾವುದು? ಒರಿಜಿನಲ್ ದಾಖಲೆ ಯಾವಾಗ ಕೇಳುತ್ತಾರೆ? ಮುಂದಿನ ಸುತ್ತು ಯಾವಾಗ? ಮೊದಲ ದಿನ ಇಷ್ಟೇ ಬರೆಯಿರಿ.

ಗಡಿಯ ಈಚೆ ಇರುವ ನಮಗೆ ಎರಡು ರಾಜ್ಯದ ಬಾಗಿಲು ತೆರೆದಿರುತ್ತದೆ. ಆದರೆ ಎರಡರ ಗಡಿಯಾರ ಬೇರೆ ಬೇರೆ, ಜೋಸಾದ್ದು ಮೂರನೆಯದು. ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದಿಲ್ಲ. ತಾರೀಖು ಮುಂದಕ್ಕೂ ಹೋಗುತ್ತದೆ. 2025ರಲ್ಲಿ ಕೀಮ್ ರ‍್ಯಾಂಕ್ ಪಟ್ಟಿ ಬಂದಾದ ಮೇಲೆ ಹೈಕೋರ್ಟಿನ ತೀರ್ಪಿನಿಂದ ಜುಲೈಯಲ್ಲಿ ಹೊಸ ಪಟ್ಟಿಯೇ ಹೊರಟಿತು, ಎಷ್ಟೋ ಮಕ್ಕಳ ಸ್ಥಾನ ಮೇಲೆ ಕೆಳಗೆ ಆಯಿತು. ಅದಕ್ಕೇ ಪೆನ್ಸಿಲಿನಲ್ಲಿ ಬರೆಯಿರಿ.

ಇನ್ನು ಬಟನ್ ಒತ್ತುವ ವಿಷಯ. ಜೋಸಾದಲ್ಲಿ ಫ್ರೀಜ್, ಫ್ಲೋಟ್, ಸ್ಲೈಡ್ ಅಂತ ಮೂರು. ಫ್ರೀಜ್ ಅಂದರೆ ಇದೇ ಸಾಕು. ಫ್ಲೋಟ್ ಅಂದರೆ ಇದು ಇರಲಿ, ನನ್ನ ಪಟ್ಟಿಯಲ್ಲಿ ಮೇಲಿರುವುದು ಎಲ್ಲಿ ಸಿಕ್ಕಿದರೂ ಕೊಡಿ. ಸ್ಲೈಡ್ ಅಂದರೆ ಇದೇ ಕಾಲೇಜು, ಬ್ರಾಂಚ್ ಮಾತ್ರ ಮೇಲಿನದ್ದು. ಕೆಇಎಯಲ್ಲಿ ನಾಲ್ಕು ಆಯ್ಕೆ: 1 ಅಂದರೆ ಒಪ್ಪಿಗೆ, ಸೇರುತ್ತೇನೆ. 2 ಅಂದರೆ ಒಪ್ಪಿಗೆ, ಆದರೆ ಮೇಲಿನದ್ದಕ್ಕೂ ಕಾಯುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4 ಅಂದರೆ ನಾನು ಹೊರಗೆ. ಕೀಮ್‌ನಲ್ಲಿ ಸೀಟಿಗಿಂತ ಮೇಲಿರುವ ಆಪ್ಷನ್‌ಗಳಲ್ಲಿ ಬೇಡದ್ದನ್ನು ನೀವೇ ಅಳಿಸಬೇಕು.

ಇಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಜಾರಿ ಬೀಳುತ್ತಾರೆ. ಮೇಲಿನ ಸೀಟು ಸಿಕ್ಕಿತೋ, ಹಳೆಯದು ತಾನಾಗಿಯೇ ಹೋಯಿತು. "ಎರಡನ್ನೂ ಇಟ್ಟುಕೊಂಡು ನೋಡುವ" ಅನ್ನುವುದು ಒಂದೇ ವ್ಯವಸ್ಥೆಯ ಒಳಗೆ ನಡೆಯುವುದಿಲ್ಲ. ಹಾಗಾಗಿ ಫ್ಲೋಟ್ ಒತ್ತುವ ಮುಂಚೆ ಪಟ್ಟಿಯಲ್ಲಿ ಮೇಲಿರುವ ಒಂದೊಂದನ್ನೂ ಗಟ್ಟಿಯಾಗಿ ಓದಿ. ನಾಳೆ ಇದೇ ಸಿಕ್ಕಿದರೆ ಹೋಗುತ್ತೇನಾ ಅಂತ ಕೇಳಿಕೊಳ್ಳಿ. ಜೂನ್‌ನಲ್ಲಿ ಸುಮ್ನೆ ತುಂಬಿಸಿದ ಹೆಸರು ಜುಲೈಯಲ್ಲಿ ಕುತ್ತಿಗೆಗೆ ಬರುತ್ತದೆ.

ನೀವು ಯಾವ ರಾಜ್ಯದವರು?

ತಮಾಷೆಯ ಪ್ರಶ್ನೆಯಲ್ಲ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆ ರಾಜ್ಯದ ಮಕ್ಕಳಿಗೆ. ರಾಜ್ಯ ಯಾವುದು ಅಂತ ತೀರ್ಮಾನ ಆಗುವುದು ಮನೆ ಎಲ್ಲಿದೆ ಅಂತ ನೋಡಿ ಅಲ್ಲ, ಮಾತೃಭಾಷೆ ನೋಡಿಯೂ ಅಲ್ಲ. 12ನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದು ಮಾತ್ರ ಲೆಕ್ಕ. ಕಾಸರಗೋಡಿನಲ್ಲಿ ಪ್ಲಸ್ ಟೂ ಮಾಡಿದವರಿಗೆ ಕ್ಯಾಲಿಕಟ್ ಎನ್‌ಐಟಿ ಸ್ವಂತ ರಾಜ್ಯದ್ದು. ತಲಪಾಡಿ ದಾಟಿ ಒಂದು ಓಟಕ್ಕೆ ಸಿಗುವ ಸುರತ್ಕಲ್ ಎನ್‌ಐಟಿ ಹೊರ ರಾಜ್ಯದ್ದು. ಪಿಯುಸಿಗೆ ಮಂಗಳೂರಿಗೋ ಪುತ್ತೂರಿಗೋ ಹೋದವರಿಗೆ ಇದು ಪೂರ್ತಿ ತಿರುಗಾ ಮುರುಗಾ. ಒಂದೇ ಬೆಂಚಿನಲ್ಲಿ ಹತ್ತನೆಯವರೆಗೆ ಓದಿದ ಇಬ್ಬರು ಜೋಸಾದಲ್ಲಿ ಬೇರೆ ಬೇರೆ ರಾಜ್ಯದವರಾಗುತ್ತಾರೆ, ಅಲ್ವಾ? ಗೆಳೆಯನ ಕಟಾಫ್ ನೋಡಿ ನಿಮ್ಮದನ್ನು ಅಳೆಯಬೇಡಿ.

ಕೆಇಎಯದು ಬೇರೆ ದಾರಿ. ಅಲ್ಲಿ ಗಡಿನಾಡು ಕನ್ನಡಿಗರಿಗೆ ಒಂದು ಕಲಮು ಉಂಟು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವ ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕಿನವರು ಅದರಲ್ಲಿ ಬರುತ್ತಾರೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ್ ಕಡೆಯವರಿಗೂ ಇದು ಅನ್ವಯ. ವಾಸಕ್ಕೂ ಓದಿಗೂ ದಾಖಲೆ ಕೊಡಬೇಕು, ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಸಿಇಟಿ ಚೆನ್ನಾಗಿ ಮಾಡಿ ಈ ಪರೀಕ್ಷೆಗೆ ಹೋಗದೇ ಕುಳಿತವರನ್ನು ನಾನು ಕಂಡಿದ್ದೇನೆ. ಸುರತ್ಕಲ್ ನಮ್ಮನ್ನು ಕೇರಳದವರು ಅನ್ನುತ್ತದೆ, ಕೆಇಎ ಕನ್ನಡದವರು ಅನ್ನುತ್ತದೆ. ಎರಡಕ್ಕೂ ಪುರಾವೆ ಕೊಡುವುದು ನಮ್ಮದೇ ವಿಲೇಜ್ ಆಫೀಸು.

ಜಾತಿ ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ಕೇರಳದ ಪಟ್ಟಿ, ಕರ್ನಾಟಕದ ಪಟ್ಟಿ, ಕೇಂದ್ರದ ಪಟ್ಟಿ ಮೂರೂ ಒಂದೇ ಅಲ್ಲ. ಒಂದು ಕಡೆ ಸಿಕ್ಕಿದ ಮೀಸಲಾತಿ ಇನ್ನೊಂದು ಕಡೆಯೂ ಸಿಗುತ್ತದೆ ಅಂತ ನಂಬಿ ಕೂರಬೇಡಿ, ಬ್ರೋಷರ್ ತೆರೆದು ನೋಡಿ. ಕೇಂದ್ರದ ಒಬಿಸಿ ನಾನ್ ಕ್ರೀಮಿಲೇಯರ್ ಪತ್ರ ಆ ವರ್ಷದ ಏಪ್ರಿಲ್ 1ರ ನಂತರದ್ದೇ ಆಗಬೇಕು. ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದಲ್ಲಿ ರಶ್ಶು ಆಗುವ ಮುಂಚೆಯೇ ಮಾಡಿಸಿ.

ದುಡ್ಡು: ಮೊದಲ ವರ್ಷದ್ದಲ್ಲ, ಪೂರ್ತಿ ಕೋರ್ಸಿನದ್ದು

ಕೂತು ಬರೆಯಬೇಕಾದ್ದು ಇದು. ನಾವು ಅಡಿಗೆಮನೆಯ ಮೇಜಿನ ಮೇಲೆ, ಭಾವನ ಹಳೇ ಕ್ಯಾಲ್ಕುಲೇಟರ್ ಇಟ್ಟುಕೊಂಡು, ಒಂದೂವರೆ ಗಂಟೆ ಕೂತೆವು.

ಎನ್‌ಐಟಿಯ ಟ್ಯೂಷನ್ ಫೀಸು ಸೆಮಿಸ್ಟರಿಗೆ 62,500 ರೂಪಾಯಿ. ಎಂಟು ಸೆಮಿಸ್ಟರಿಗೆ 5 ಲಕ್ಷ. ಇದನ್ನು ಬರೆದ ಕೂಡಲೇ ಭಾವ ಕುರ್ಚಿ ಹಿಂದಕ್ಕೆ ತಳ್ಳಿದರು. ಆದರೆ ಮನೆಯ ವರ್ಷದ ಆದಾಯ 1ರಿಂದ 5 ಲಕ್ಷದ ಒಳಗಿದ್ದರೆ ಅದರಲ್ಲಿ ಮೂರನೇ ಎರಡು ಭಾಗ ಮಾಫಿ. 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಮಾಫಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ ಟ್ಯೂಷನ್ ಫೀಸೇ ಇಲ್ಲ. ಅಕ್ಕನ ಮನೆಯ ಆದಾಯ 5 ಲಕ್ಷದ ಒಳಗೆ. ಹಾಗಾಗಿ 5 ಲಕ್ಷ ಹೋಗಿ 1 ಲಕ್ಷದ 67 ಸಾವಿರಕ್ಕೆ ಇಳಿಯಿತು. ಕುರ್ಚಿ ಮುಂದಕ್ಕೆ ಬಂತು. ಒಂದು ಆದಾಯ ಪ್ರಮಾಣಪತ್ರದ ಬೆಲೆ 3 ಲಕ್ಷದ 33 ಸಾವಿರ ಅಂತ ಹಾಳೆಯ ಮೂಲೆಯಲ್ಲಿ ಅವರೇ ಬರೆದರು.

ತಿರುವನಂತಪುರದ ಸರ್ಕಾರಿ ಕಾಲೇಜಿನ ಫೀಸು ಇದರ ಮುಂದೆ ಏನೂ ಅಲ್ಲ. ಬೆಂಗಳೂರಿನ ಸೀಟಿನ ಸರ್ಕಾರಿ ಕೋಟಾದ ಫೀಸೇ ವರ್ಷಕ್ಕೆ ಒಂದು ಲಕ್ಷದ ಸುತ್ತಮುತ್ತ, ಮೇಲೆ ಪಿಜಿ ಬಾಡಿಗೆ. ತಿಂಗಳಿಗೆ 9,000 ಅಂತ ಹಿಡಿದರೆ, ವರ್ಷಕ್ಕೆ 11 ತಿಂಗಳಂತೆ ನಾಲ್ಕು ವರ್ಷಕ್ಕೆ 3 ಲಕ್ಷದ 96 ಸಾವಿರ. ಕಾಲೇಜಿನ ಫೀಸನ್ನು ಎಲ್ಲರೂ ಕೇಳುತ್ತಾರೆ, ಈ ಎರಡನೇ ಮೊತ್ತವನ್ನು ಯಾರೂ ಬರೆಯುವುದಿಲ್ಲ. ಬಟ್ಟೆ ಒಗೆಯುವುದು, ಭಾನುವಾರದ ಊಟ, ಊರಿಗೆ ಬರುವ ಬಸ್ಸು ಅಂತ ಇನ್ನೊಂದು ಸಾಲೂ ಇರಲಿ.

ಸಾಲ ತೆಗೆಯುವುದಾದರೆ ಬಡ್ಡಿ ಹೇಗೆ ಬೆಳೆಯುತ್ತದೆ ಅಂತ ಮಗುವಿಗೂ ಗೊತ್ತಿರಲಿ. ಶಿಕ್ಷಣ ಸಾಲದಲ್ಲಿ ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮಲಗಿರುವುದಿಲ್ಲ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ, 10 ಪರ್ಸೆಂಟ್ ಸಾದಾ ಬಡ್ಡಿ ಅಂತ ಇಟ್ಟುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ. ಕಂತು ಶುರುವಾಗುವ ದಿನ ಬಡ್ಡಿಯೇ 1 ಲಕ್ಷದ 40 ಸಾವಿರ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಕಾಲೇಜುಗಳಿಗೆ ಜಾಮೀನು ಇಲ್ಲದ ಸಾಲ ಉಂಟು. 8 ಲಕ್ಷದ ಒಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಉಂಟಾ ಅಂತ ಬ್ಯಾಂಕಿಗೆ ಹೋಗುವ ಮುಂಚೆ ನೋಡಿ.

ಅಡಿಕೆ ಇರುವ ಮನೆಯವರಿಗೆ ನನ್ನದೊಂದು ಸ್ವಂತ ಸಲಹೆ. ಫೀಸು ಕಟ್ಟುವ ತಿಂಗಳಿನ ರೇಟಿಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರುವ ಗತಿ ತಂದುಕೊಳ್ಳಬೇಡಿ. ಎರಡು ಸೆಮಿಸ್ಟರಿನ ದುಡ್ಡು ಮೊದಲೇ ಬದಿಗಿಟ್ಟರೆ ಅಡಿಕೆಯನ್ನು ಕಾಯಿಸಬಹುದು, ಕಾಲೇಜನ್ನು ಕಾಯಿಸಲು ಆಗುವುದಿಲ್ಲ.

ಬ್ರೋಷರ್ ಮುಚ್ಚಿ, ಪಿಡಿಎಫ್ ತೆರೆಯಿರಿ

"ಹೈಯೆಸ್ಟ್ ಪ್ಯಾಕೇಜ್ ಇಷ್ಟು" ಅಂತ ಫ್ಲೆಕ್ಸ್ ಹಾಕುತ್ತಾರಲ್ಲ, ಅದು ಒಬ್ಬನ ಕಥೆ. ಸರಾಸರಿಯನ್ನೂ ಅಷ್ಟು ನಂಬಬೇಡಿ, ನಾಲ್ಕು ಜನರ ದೊಡ್ಡ ಸಂಬಳ ನಲವತ್ತು ಜನರದ್ದನ್ನು ಮೇಲೆ ಎಳೆಯುತ್ತದೆ. ನಿಮಗೆ ಬೇಕಾದ್ದು ಮೀಡಿಯನ್, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನವನಿಗೆ ಎಷ್ಟು ಅಂತ.

ಇದು ಸಿಗುವ ಜಾಗ ಉಂಟು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ತಾವು ಕೊಟ್ಟ ಮಾಹಿತಿಯನ್ನು ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಹಾಕುತ್ತವೆ. ರ‍್ಯಾಂಕ್ ನೋಡಬೇಡಿ, ಈ ಪಿಡಿಎಫ್ ನೋಡಿ. ಅದರಲ್ಲಿ ಒಂದು ಟೇಬಲ್ ಇರುತ್ತದೆ: ಆ ವರ್ಷ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸರಿಯಾದ ಸಮಯಕ್ಕೆ ಪಾಸಾದರು, ಎಷ್ಟು ಮಂದಿಗೆ ಕೆಲಸ ಆಯಿತು, ಮೀಡಿಯನ್ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು. ಉದಾಹರಣೆಗೆ 300 ಮಂದಿ ಸೇರಿ, 240 ಮಂದಿ ಸಮಯಕ್ಕೆ ಪಾಸಾಗಿ, 150 ಮಂದಿಗೆ ಕೆಲಸ ಆಗಿದೆ ಅಂತ ಇಟ್ಟುಕೊಳ್ಳಿ. ಉಳಿದ 90 ಮಂದಿ ಎಲ್ಲಿ? ಸಮಯಕ್ಕೆ ಪಾಸಾಗದ 60 ಮಂದಿಗೆ ಏನಾಯಿತು? ಈ ಎರಡು ಪ್ರಶ್ನೆ ಹಿಡಿದುಕೊಂಡು ಕಾಲೇಜಿಗೆ ಫೋನ್ ಮಾಡಿ. ಉತ್ತರ ಕೊಡುವ ಧಾಟಿಯಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಟೇಬಲ್‌ನಲ್ಲಿ ಎಲ್ಲ ಬ್ರಾಂಚ್ ಸೇರಿಸಿ ಒಂದೇ ಲೆಕ್ಕ, ಹಾಗಾಗಿ ನಿಮ್ಮ ಬ್ರಾಂಚಿನದ್ದು ಬೇರೆಯಾಗಿ ಕೇಳಬೇಕು.

ಗುಣಮಟ್ಟ ಪರೀಕ್ಷಿಸಿ ಕೊಡುವ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ಇಂಜಿನಿಯರಿಂಗಿಗೆ ಹೋಗುವವರು ಎರಡನೆಯದನ್ನು ಕೇಳಿ, ನಿಮ್ಮ ಬ್ರಾಂಚಿಗೇ ಇದೆಯಾ ಅಂತ.

ಕಳೆದ ಮಂಗಳವಾರ ಏನು ಮಾಡಿದಿರಿ?

ಸೀನಿಯರ್‌ಗಳನ್ನು ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ಕೇಳುವುದು ಹೇಗೆ ಅಂತ ಹೇಳುವುದಿಲ್ಲ. "ಕಾಲೇಜು ಹೇಗುಂಟು?" ಅಂತ ಕೇಳಿದರೆ ನಮ್ಮ ಕಡೆಯವರು "ಅಡ್ಡಿಯಿಲ್ಲ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಅಕ್ಕನ ಮಗಳಿಗೆ ನಾನು ಹೇಳಿಕೊಟ್ಟ ಪ್ರಶ್ನೆ ಒಂದೇ: ಕಳೆದ ಮಂಗಳವಾರ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನಾಯಿತು?

ಅವಳು ತನ್ನ ಪ್ಲಸ್ ಟೂ ಟೀಚರ ಮೂಲಕ ಮೂರು ಕಾಲೇಜಿನಿಂದಲೂ ಒಬ್ಬೊಬ್ಬ ಎರಡನೇ ವರ್ಷದವರನ್ನು ಹಿಡಿದಳು. ಒಬ್ಬಳು ಮೂರು ಗಂಟೆಯ ಲ್ಯಾಬಿನ ಬಗ್ಗೆ ಹತ್ತು ನಿಮಿಷ ಬೈದಳು, ಬೈಯುತ್ತಾ ಬೈಯುತ್ತಾ ಆ ಮೋಟರನ್ನು ತಾನೇ ಬಿಚ್ಚಿ ಜೋಡಿಸಿದ್ದನ್ನೂ ಹೇಳಿದಳು. ಇನ್ನೊಬ್ಬ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲೇ ಇರುತ್ತೇನೆ ಅಂದ. ಹಾಸ್ಟೆಲ್ ಸಿಗದೇ ದೂರದಲ್ಲಿ ರೂಮು. ಇದು ಯಾವ ಬ್ರೋಷರಿನಲ್ಲಿ ಸಿಗುತ್ತದೆ ಹೇಳಿ? ಮೊದಲ ವರ್ಷದವರಿಗೆ ಹಾಸ್ಟೆಲ್ ಖಂಡಿತಾ ಸಿಗುತ್ತದಾ, ಹುಡುಗಿಯರ ಹಾಸ್ಟೆಲ್ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ, ಒಂದು ಸಬ್ಜೆಕ್ಟ್ ಹೋದರೆ ಮತ್ತೆ ಪರೀಕ್ಷೆ ಯಾವಾಗ, ಇವನ್ನೂ ಕೇಳಿ.

ಹೋಗಿ ನೋಡಲು ಆದರೆ ಶನಿವಾರ ಹೋಗಬೇಡಿ, ಕ್ಲಾಸು ಇರುವ ದಿನ ಹೋಗಿ. ನಾನು ಓದಿದ ಕಾಲೇಜಿನ ಹೆಸರು ಬೇಡ, ಸೇರುವ ಮೊದಲು ಭಾನುವಾರ ಹೋಗಿ ಕಿಟಕಿಯಿಂದ ವರ್ಕ್‌ಶಾಪ್ ನೋಡಿ ಬಂದಿದ್ದೆ. ಹಸಿರು ಪೇಂಟ್ ಹೊಡೆದ ಹತ್ತು ಲೇತ್ ಮೆಷಿನ್ ಸಾಲಾಗಿ ನಿಂತಿದ್ದವು. ಸೇರಿದ ಮೇಲೆ ಗೊತ್ತಾಯಿತು, ಓಡುವುದು ಮೂರೇ. ಉಳಿದ ಏಳಕ್ಕೆ ಪೇಂಟ್ ಮಾತ್ರ ಹೊಸದು. ಮೆಷಿನ್ ಎಷ್ಟು ಅಂತ ಎಣಿಸಬೇಡಿ, ಸುತ್ತ ಎಣ್ಣೆ, ಕಬ್ಬಿಣದ ಚೂರು ಬಿದ್ದಿದೆಯಾ ನೋಡಿ. ಲೈಬ್ರರಿಯಲ್ಲಿ ಸಂಜೆ ಐದಕ್ಕೆ ಯಾರಿದ್ದಾರೆ, ನೋಟೀಸ್ ಬೋರ್ಡಿನ ಚೀಟಿ ಯಾವ ತಿಂಗಳಿನದ್ದು, ಶೌಚಾಲಯದಲ್ಲಿ ನೀರು ಬರುತ್ತದಾ, ಇಷ್ಟು ಸಾಕು.

ಬ್ರಾಂಚಾ, ಕಾಲೇಜಾ?

ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಏನು ಬೇಕು ಅಂತ ಗೊತ್ತಿರುವ ಮಗುವಿಗೆ ಬ್ರಾಂಚ್ ಮೊದಲು. ಗೊತ್ತಿಲ್ಲದ ಮಗುವಿಗೆ ಕಾಲೇಜು ಮೊದಲು, ಯಾಕೆಂದರೆ ಅಲ್ಲಿ ಸಿಗುವ ಸಹಪಾಠಿಗಳನ್ನು ನೋಡಿ ದಾರಿ ಕಾಣುತ್ತದೆ. "ಸೇರಿದ ಮೇಲೆ ಬ್ರಾಂಚ್ ಬದಲಿಸುವ" ಅಂತ ಲೆಕ್ಕ ಹಾಕಬೇಡಿ. ಮೊದಲ ವರ್ಷದ ಅಂಕದ ಮೇಲೆ ಕೆಲವರಿಗೆ ಸಿಗುತ್ತದೆ, ಆದರೆ ಅದನ್ನೇ ನಂಬಿ ಸೇರಿದವರೆಲ್ಲರ ಅಂಕವೂ ಚೆನ್ನಾಗಿರುತ್ತದೆ.

ಡಿಗ್ರಿಗೆ ಹೋಗುವವರು

ಬಿಎ, ಬಿಎಸ್ಸಿ, ಬಿಕಾಂ ಮಕ್ಕಳಿಗೆ ಗಡಿಯ ಎರಡು ಬದಿಯ ಡಿಗ್ರಿಯೇ ಈಗ ಬೇರೆ ಬೇರೆ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ, ಕಣ್ಣೂರು ವಿಶ್ವವಿದ್ಯಾಲಯದಲ್ಲೂ ಅಷ್ಟೇ. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಡಬಹುದು, ನಾಲ್ಕನೆಯದು ಆನರ್ಸ್. ಅದೇ 2024ರಲ್ಲಿ ಕರ್ನಾಟಕ ನಾಲ್ಕು ವರ್ಷದ್ದನ್ನು ಬಿಟ್ಟು ಮೂರು ವರ್ಷಕ್ಕೆ ಮರಳಿತು. ಮುಂದೆ ಎಂಎ, ಎಂಎಸ್ಸಿ ಮಾಡುವ ಯೋಚನೆ ಇದ್ದರೆ, ಆನರ್ಸ್ ಮುಗಿಸಿದವರಿಗೆ ಎಂಎ ಒಂದು ವರ್ಷದಲ್ಲಿ ಆಗುತ್ತದಾ ಅಂತ ಸೇರುವ ಮೊದಲೇ ಕೇಳಿ.

ಕನ್ನಡ ಮೀಡಿಯಮ್ಮಿನಿಂದ ಬಂದವರು ಭಾಷೆಯ ಪೇಪರ್ ಯಾವುದು ಅಂತ ನೋಡಿ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಉಂಟು, ಮಂಗಳೂರಿನಲ್ಲಿ ಕೇಳುವುದೇ ಬೇಡ. ಕೇರಳದ ತೆಂಕು ಕಡೆಗೆ ಹೋದರೆ ಹಾಗಲ್ಲ, ಹಿಂದಿಯೋ ಇನ್ನೊಂದೋ ತೆಗೆದುಕೊಳ್ಳಬೇಕಾದೀತು. ಚಿಕ್ಕ ವಿಷಯ ಅನ್ನಿಸಬಹುದು. ನಾನು ಪ್ಲಸ್ ವನ್‌ಗೆ ಹೋದ ಮೊದಲ ವಾರ ಫಿಸಿಕ್ಸ್ ಟೀಚರ್ ಅಕ್ಸಲರೇಷನ್ ಅಂದಾಗ ಬಾಯಿ ಬಿಟ್ಟು ಕೂತಿದ್ದೆ. ಮೂರು ದಿನ ಆದ ಮೇಲೆ ಅದು ನನಗೆ ಚೆನ್ನಾಗಿ ಗೊತ್ತಿದ್ದ ವೇಗೋತ್ಕರ್ಷ ಅಂತ ತಿಳಿಯಿತು. ಕಾಲೇಜಿನಲ್ಲೂ ಹೊಸ ಜಾಗ, ಹೊಸ ಭಾಷೆ ಒಟ್ಟಿಗೆ ಬಂದರೆ ಮೊದಲ ಸೆಮಿಸ್ಟರ್ ಅದರಲ್ಲೇ ಹೋಗುತ್ತದೆ. ಹೆದರಿಸಲು ಹೇಳಿದ್ದಲ್ಲ, ಅದಕ್ಕೂ ಹಾಳೆಯಲ್ಲಿ ಒಂದು ಸಾಲು ಕೊಡಿ ಅಂತ.

ಆರಿಸಿದ ದಿನವೇ ಮಾಡುವ ಕೆಲಸ

ಬೇಡದ ಸೀಟನ್ನು ಅವತ್ತೇ ಬಿಡಿ. ವೆಬ್‌ಸೈಟಿನಲ್ಲಿ ಕ್ಯಾನ್ಸಲ್ ಮಾಡಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಕಾಲೇಜಿಗೆ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. 2024-25ರ ಪ್ರವೇಶಕ್ಕೆ ವಿಶ್ವವಿದ್ಯಾಲಯಗಳ ಮೇಲೆ ನಿಗಾ ಇಡುವ ಕೇಂದ್ರದ ಯುಜಿಸಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಫೀಸು, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದು ಉಳಿದದ್ದು ವಾಪಸು ಅಂದಿತ್ತು. ನಿಮ್ಮ ವರ್ಷದ ತಾರೀಖು ಯುಜಿಸಿ ವೆಬ್‌ಸೈಟಿನಲ್ಲೇ ನೋಡಿ. ಜೋಸಾದಲ್ಲಿ ಸೀಟು ಬಿಡುವ ಗಡುವು ಇದಕ್ಕಿಂತ ತುಂಬಾ ಮುಂಚೆಯೇ ಮುಗಿಯುತ್ತದೆ.

ಒರಿಜಿನಲ್ ಟಿಸಿ, ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸು ತನ್ನಿ. ನನ್ನ ಕಾಲದಲ್ಲಿ ಒಂದು ಕಾಲೇಜು ನನ್ನ ಟಿಸಿಯನ್ನು ಇಟ್ಟುಕೊಂಡು "ಪೂರ್ತಿ ಕೋರ್ಸಿನ ಫೀಸು ಕಟ್ಟಿ ತೆಗೆದುಕೊಂಡು ಹೋಗಿ" ಅಂದಿತ್ತು. ಮೂರು ಸಲ ಬಸ್ಸು ಹತ್ತಿ ಹೋಗಿ ಬರಿಗೈಯಲ್ಲಿ ಬಂದೆ, ನಾಲ್ಕನೇ ಸಲ ಅಪ್ಪ ಬಂದು ಕೂತ ಮೇಲೆ ಕೊಟ್ಟರು. ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ಸೂಚನೆಯ ಪ್ರಿಂಟ್ ಒಂದು ಫೈಲಿನಲ್ಲಿರಲಿ. ಜಗಳ ಮಾಡಬೇಕಾಗಿಲ್ಲ, ಮೇಜಿನ ಮೇಲೆ ಇಟ್ಟರೆ ಸಾಕು.

ನಮ್ಮ ಹಾಳೆ ಏನು ಹೇಳಿತು ಅಂತ ಕೇಳುತ್ತೀರಲ್ಲ. ಬೆಂಗಳೂರು ದುಡ್ಡಿನ ಸಾಲಿನಲ್ಲೇ ಬಿತ್ತು. ನಾನು ಎನ್‌ಐಟಿ ಅಂದಿದ್ದೆ, ಅಕ್ಕನಂತೂ ಊರಿಗೆಲ್ಲ ಹೇಳಿಯೂ ಆಗಿತ್ತು. ಅಕ್ಕನ ಮಗಳು ತಿರುವನಂತಪುರ ಅಂದಳು. ತೋಟದ ಪಂಪಿನ ಸ್ಟಾರ್ಟರ್ ಹಾಳಾದರೆ ಹತ್ತನೇ ತರಗತಿಯಿಂದಲೂ ಬಿಚ್ಚುವವಳು ಅವಳೇ, ಲ್ಯಾಬನ್ನು ಬೈದ ಆ ಹುಡುಗಿಯ ಮಂಗಳವಾರ ಅವಳಿಗೆ ಇಷ್ಟವಾಗಿತ್ತು. ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹಾಸಿಗೆ, ಬಕೆಟು, ಉಪ್ಪಿನಕಾಯಿಯ ಭರಣಿ ಎಲ್ಲ ಸೇರಿಸಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿಸಿದೆವು. ಸಂಜೆ ಕಾಸರಗೋಡು ಬಿಟ್ಟರೆ ಬೆಳಗ್ಗೆ ಅಲ್ಲಿ. ಅಲ್ಲಿಗೆ ಹೋಗುವವರಿಗೆ ಒಂದು ಮಾತು: ಓಣಂ ರಜೆಗೆ ಬರುವ ಟಿಕೆಟನ್ನು ಬುಕಿಂಗ್ ತೆರೆಯುವ ದಿನ ಬೆಳಗ್ಗೆಯೇ ಮಾಡಿ. ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ನಾವು ಒಂದು ದಿನ ತಡ ಮಾಡಿ, ಮಾವೇಲಿಯಲ್ಲೂ ಮಲಬಾರಿನಲ್ಲೂ ವೇಟಿಂಗ್ ಲಿಸ್ಟೇ ಸಿಕ್ಕಿದ್ದು.